ಸಿಂಗಾಪುರದ ಶಿಪ್‌ಯಾರ್ಡ್: ಮುಷ್ಕರ, ಖಾಲಿ ಡಾಕ್ ಮತ್ತು ನಿಮ್ಮ ಸಂಬಳ

ಉಪ್ಪಳ, ಕುಂಬಳೆ, ಬದಿಯಡ್ಕದ ಕಡೆಯಿಂದ ವೆಲ್ಡರ್, ಫಿಟ್ಟರ್ ಆಗಿ ಸಿಂಗಾಪುರಕ್ಕೆ ಹೊರಡುವವರು ಹರತಾಳದ ಲೆಕ್ಕಾಚಾರವನ್ನು ಊರಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ಕಾಸರಗೋಡಿನಲ್ಲಿ ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ ಅಂಗಡಿ ಮುಚ್ಚಿ, ಬಸ್ ನಿಂತು, ಮರುದಿನ ಎಲ್ಲವೂ ಮೊದಲಿನಂತಾಗುತ್ತದೆ. ಸಿಂಗಾಪುರದಲ್ಲಿ ಮರುದಿನ ಪೊಲೀಸರು ಬರಬಹುದು.

2012ರ ನವೆಂಬರ್‌ನಲ್ಲಿ ಅಲ್ಲಿನ ಚೀನಾ ಮೂಲದ 171 ಬಸ್ ಚಾಲಕರು ಸಂಬಳ, ವಸತಿಯ ದೂರು ಹೇಳಿ ಕೆಲಸಕ್ಕೆ ಹೋಗಲಿಲ್ಲ. ಐವರಿಗೆ ಜೈಲಾಯಿತು, 29 ಮಂದಿಯನ್ನು ಗಡೀಪಾರು ಮಾಡಿದರು. ಅಗತ್ಯ ಸೇವೆಯಲ್ಲಿ 14 ದಿನ ಮೊದಲೇ ನೋಟಿಸ್ ಕೊಡದೆ ಮುಷ್ಕರ ಹೂಡುವುದು ಅಲ್ಲಿ ಅಪರಾಧ. ಉಳಿದ ಕ್ಷೇತ್ರಗಳಲ್ಲಿ ಕಾರ್ಮಿಕ ಸಂಘವೊಂದು ಮುಷ್ಕರ ಹೂಡಬೇಕಾದರೆ ಸದಸ್ಯರ ಗುಪ್ತ ಮತದಾನದಲ್ಲಿ ಬಹುಮತ ಸಿಗಬೇಕು. ದಕ್ಷಿಣ ಕೊರಿಯಾದಲ್ಲಿ 2022ರಲ್ಲಿ ಒಳಗುತ್ತಿಗೆ ಕಾರ್ಮಿಕರು ದೊಡ್ಡ ಶಿಪ್‌ಯಾರ್ಡೊಂದರಲ್ಲಿ 51 ದಿನ ಮುಷ್ಕರ ನಡೆಸಿ ಹಡಗು ಕಟ್ಟುವ ಡಾಕನ್ನೇ ಸ್ಥಗಿತಗೊಳಿಸಿದರು. ಶೇ 30ರಷ್ಟು ಏರಿಕೆ ಕೇಳಿದವರಿಗೆ ದಕ್ಕಿದ್ದು ಶೇ 4.5. ಆ ಮುಷ್ಕರದ ವಿಡಿಯೊ ನೋಡಿ ಸಿಂಗಾಪುರದಲ್ಲಿ ಹುಮ್ಮಸ್ಸು ತೋರಿಸಲು ಹೋಗಬೇಡಿ. ನಿಮ್ಮ ವರ್ಕ್ ಪರ್ಮಿಟ್ ಒಬ್ಬನೇ ಮಾಲೀಕನಿಗೆ ಕಟ್ಟಿದ್ದು.

ಹಾಗಾದರೆ ಬಾಯಿ ಮುಚ್ಚಿಕೊಂಡು ಇರಬೇಕೇ? ಇಲ್ಲ. ಡಾಕ್‌ಗೆ ಹಡಗು ಬಾರದೆ ಕೆಲಸ ನಿಂತಾಗ ನಿಮ್ಮ ಕೈಯಲ್ಲಿ ಗಟ್ಟಿ ನಿಯಮವೊಂದಿದೆ: ಕೆಲಸ ಇರಲಿ, ಇಲ್ಲದಿರಲಿ, ವರ್ಕ್ ಪರ್ಮಿಟ್‌ನವರಿಗೆ ನಿಗದಿತ ಮಾಸಿಕ ಸಂಬಳವನ್ನು ಮಾಲೀಕ ಕೊಡಲೇಬೇಕು. ವಸತಿ, ಚಿಕಿತ್ಸೆ, ಕೊನೆಗೆ ಊರಿಗೆ ಮರಳುವ ಖರ್ಚಿನ ಹೊಣೆಯೂ ಅವನದೇ. ಆದರೆ ಓವರ್‌ಟೈಮ್ ಈ 'ನಿಗದಿತ' ಲೆಕ್ಕದೊಳಗೆ ಬರುವುದಿಲ್ಲ. ಏಜೆಂಟರು ಊರಲ್ಲಿ ಹೇಳುವ ದೊಡ್ಡ ಮೊತ್ತದಲ್ಲಿ ಓವರ್‌ಟೈಮ್ ಸೇರಿಕೊಂಡಿರುವುದೇ ಹೆಚ್ಚು. ಡಾಕ್ ಖಾಲಿಯಾದ ತಿಂಗಳು ಮೊದಲು ಮಾಯವಾಗುವುದೂ ಅದೇ. ಚಿನ್ನ ಅಡವಿಟ್ಟು ಹೋಗುವವರು ಕಂತಿನ ಲೆಕ್ಕವನ್ನು ಮೂಲ ಸಂಬಳದ ಮೇಲೆಯೇ ಹಾಕಿ. ಆ ಅಂಕಿ ಸಿಂಗಾಪುರದ ಮಾನವಶಕ್ತಿ ಸಚಿವಾಲಯದ ಐಪಿಎ (ವರ್ಕ್ ಪರ್ಮಿಟ್‌ಗೆ ತಾತ್ವಿಕ ಒಪ್ಪಿಗೆ) ಪತ್ರದಲ್ಲಿರುತ್ತದೆ. ಆ ಪತ್ರ ನೋಡದೆ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

'ಕೆಲಸ ಕಡಿಮೆ, ಸಂಬಳವೂ ಕಡಿಮೆ, ಇಲ್ಲಿ ಸಹಿ ಹಾಕು' ಎಂದು ಮೇಸ್ತ್ರಿ ಕಾಗದ ಚಾಚುವುದು ಇಂಥ ದಿನಗಳಲ್ಲೇ. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ, ಸಚಿವಾಲಯಕ್ಕೆ ತಿಳಿಸದೆ ನಿಗದಿತ ಸಂಬಳವನ್ನು ಇಳಿಸುವಂತಿಲ್ಲ. ಅಂದರೆ ಅವರಿಗೆ ಬೇಕಾಗಿರುವುದು ನಿಮ್ಮ ಸಹಿಯೇ. ಓದಿಸಿಕೊಳ್ಳದೆ ಕೊಡಬೇಡಿ, ಪಕ್ಕದ ಹಾಸಿಗೆಯ ತಮಿಳು ಗೆಳೆಯನಾದರೂ ಸರಿ, ಯಾರಿಂದಾದರೂ ಓದಿಸಿ.

ಸಂಬಳದ ಅವಧಿ ಮುಗಿದ ಏಳು ದಿನಗಳೊಳಗೆ ಹಣ ಬರಬೇಕು, ವಿವರವಿರುವ ಪೇ ಸ್ಲಿಪ್ ಸಿಗಬೇಕು. ಬಾರದಿದ್ದರೆ ಟಿಎಡಿಎಂ ಎಂಬ ವಿವಾದ ಪರಿಹಾರ ಸಂಸ್ಥೆಗೆ ದೂರು ಕೊಡಬಹುದು: ಕೆಲಸದಲ್ಲಿದ್ದರೆ ಬಾಕಿಯಾದ ಒಂದು ವರ್ಷದೊಳಗೆ, ಕೆಲಸ ಬಿಟ್ಟಿದ್ದರೆ ಆರು ತಿಂಗಳೊಳಗೆ. ಮೊದಲು ರಾಜಿ ಮಾತುಕತೆ, ಮುರಿದರೆ ಉದ್ಯೋಗ ಕ್ಲೇಮು ನ್ಯಾಯಮಂಡಳಿ. ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ, ಮಾಲೀಕನ ಪರವಾಗಿಯೂ ಇಲ್ಲ. ಪೇ ಸ್ಲಿಪ್, ಹಾಜರಿ ಚೀಟಿ, ಐಪಿಎ ಪತ್ರಗಳ ಫೋಟೊ ತೆಗೆದು ಊರಿನ ಮನೆಯವರ ಮೊಬೈಲಿಗೂ ಕಳುಹಿಸಿಡಿ.