ಸಂಗ್ರಹಿಸಿದ ಕುಡಿಯುವ ನೀರಿಗೆ ಯುವಿ ದೀಪ

ಸಂಪಿನಲ್ಲೋ ಟ್ಯಾಂಕಿನಲ್ಲೋ ನಿಂತ ನೀರನ್ನು ಯುವಿ (ಕಣ್ಣಿಗೆ ಕಾಣದ ನೇರಳಾತೀತ ಕಿರಣ ಸೂಸುವ) ದೀಪದಿಂದ ಶುದ್ಧೀಕರಿಸುವವರು ಮೊದಲು ಅದನ್ನು 5 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಬೇಕು. ಏಕೆಂದರೆ ಸುಮಾರು 254 ನ್ಯಾನೊಮೀಟರ್ ತರಂಗಾಂತರದ ಈ ಕಿರಣಗಳು ರೋಗಾಣುಗಳ ಡಿಎನ್‌ಎಯನ್ನು ಕೆಡಿಸಿ ಅವು ವೃದ್ಧಿಯಾಗದಂತೆ ತಡೆಯುತ್ತವೆಯಾದರೂ, ಕದಡಿದ ನೀರಿನಲ್ಲಿ ಮಣ್ಣಿನ ಕಣಗಳ ಮರೆಯಲ್ಲಿರುವವನ್ನು ಮುಟ್ಟಲಾರವು.

ಕೊಳವೆಬಾವಿಯ ಗಡಸು ನೀರಾದರೆ, ದೀಪವನ್ನು ಸುತ್ತುವರಿದ ಕ್ವಾರ್ಟ್ಜ್ ಗಾಜಿನ ಮೇಲೆ ಬಿಳಿಯ ಸುಣ್ಣದ ಪದರ ಕಟ್ಟುತ್ತದೆ. ಆಗ ದೀಪ ನೀಲಿಯಾಗಿ ಉರಿಯುತ್ತಿದ್ದರೂ ಕಿರಣಗಳು ನೀರಿಗೆ ಸರಿಯಾಗಿ ತಲುಪುವುದಿಲ್ಲ. ಆದ್ದರಿಂದ ವಿದ್ಯುತ್ ಸಂಪರ್ಕ ತೆಗೆದು, ಗಾಜನ್ನು ವಿನೆಗರ್‌ನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿ ತೊಳೆಯಿರಿ. ಉರಿಯುವ ದೀಪವನ್ನು ಬರಿಗಣ್ಣಿನಿಂದ ನೋಡಲೇಬಾರದು.

ಎಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುವ ಸಂಗತಿಯೆಂದರೆ, ಯುವಿ ಕಿರಣ ಕ್ಲೋರಿನ್‌ನಂತೆ ನೀರಿನಲ್ಲಿ ಉಳಿದು ಕಾಯುವುದಿಲ್ಲ. ಹಾಗಾಗಿ ಟ್ಯಾಂಕಿಗೆ ನೀರು ತುಂಬುವ ಕಡೆಯಲ್ಲ, ಕುಡಿಯಲು ಹಿಡಿಯುವ ನಲ್ಲಿಯ ಪಕ್ಕದಲ್ಲೇ ದೀಪ ಜೋಡಿಸಿ, ಹಿಡಿದ ನೀರನ್ನು ಮುಚ್ಚಿದ ಶುಭ್ರ ಪಾತ್ರೆಯಲ್ಲಿಟ್ಟು ಅಂದೇ ಬಳಸಿ. ನೀರಿನಲ್ಲಿ ಕರಗಿರುವ ಫ್ಲೋರೈಡ್, ನೈಟ್ರೇಟ್ ಯುವಿ ದೀಪದಿಂದ ಹೋಗುವುದಿಲ್ಲ.