ಅಜ್ಜಿಯ ಮಾತನ್ನು ಪಾಡ್‌ಕಾಸ್ಟ್ ಮಾಡುವುದು ಹೇಗೆ?

ಸ್ಪಾಟಿಫೈ, ಆ್ಯಪಲ್ ಪಾಡ್‌ಕಾಸ್ಟ್ಸ್‌ನಲ್ಲಿ ಕ್ರೈಂ ಕಥೆ, ಸಿನಿಮಾ ಮಾತು, ಷೇರು ಪೇಟೆ ಬೇಕಾದಷ್ಟಿವೆ. ಕೊಡಗಿನ ಕೊಡವ ತಕ್ಕ್ (ಕೊಡವ ಭಾಷೆ), ಅರೆಭಾಷೆ, ಯರವ ಭಾಷೆಯ ಮಾತು ಮಾತ್ರ ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ. ಮನೆಯ ಹಿರಿಯರು, ಒಂದು ಫೋನ್ ಇದ್ದರೆ ನೀವೇ ಶುರುಮಾಡಬಹುದು.

ವಿಷಯ ಚಿಕ್ಕದಿರಲಿ. ‘ಕೊಡಗಿನ ಸಂಸ್ಕೃತಿ’ ಬೇಡ, ಕೈಲ್‌ಪೊಳ್ದ್ ಹಬ್ಬಕ್ಕೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಮಾಡುವ ಬಗೆ ಸಾಕು.

ಹೆಚ್ಚಿನವರು ಕೆಡಿಸುವುದು ರೆಕಾರ್ಡಿಂಗನ್ನೇ. ಐನ್‌ಮನೆ, ಅಂದರೆ ಕುಟುಂಬದ ಹಳೆಯ ಮೂಲಮನೆ, ಚೆಂದ ಅಂತ ಅದರ ನಡುಬಾಡೆಯಲ್ಲೇ (ನಡುಮನೆಯಲ್ಲೇ) ಕೂರುತ್ತಾರೆ. ದೊಡ್ಡ ಕೋಣೆ, ಬರೀ ಗೋಡೆ, ಮಾತೆಲ್ಲ ಗುಂಯ್‌ಗುಡುತ್ತದೆ. ಶೀಟಿನ ಮಾಡಾದರೆ ಜುಲೈಯಲ್ಲಿ ಮಳೆಯೇ ಜಾಸ್ತಿ ಕೇಳುತ್ತದೆ. ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಚಿಕ್ಕ ಕೋಣೆಯೇ ಬೇಕು. ಮಳೆ ಜೋರಾದರೆ ನಿಲ್ಲಿಸಿ, ಕಾಯಿರಿ. ಆಮೇಲೆ ಆ್ಯಪ್‌ನಲ್ಲಿ ಸದ್ದು ತೆಗೆದರಾಯಿತು ಅಂದುಕೊಳ್ಳಬೇಡಿ. ಮಳೆಯ ಸದ್ದಿನ ಜೊತೆ ಮಾತಿನ ಸ, ಶ ಕೂಡ ಸವೆದುಹೋಗುತ್ತವೆ.

ಫ್ರಿಜ್ ಆಫ್ ಮಾಡಿ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲಿಡಿ. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ. ನೇರ ಎದುರಿಗಿಟ್ಟರೆ ಪ, ಬ ಅಂದಾಗಲೆಲ್ಲ ಉಸಿರು ಬಡಿದು ‘ಡಬ್’ ಅನ್ನುತ್ತದೆ. ಅರ್ಧ ನಿಮಿಷ ಮಾತಾಡಿಸಿ, ಇಯರ್‌ಫೋನ್ ಹಾಕಿ ಕೇಳಿ, ಆಮೇಲೆ ಶುರುಮಾಡಿ. ಕಾಲರ್ ಮೈಕ್ ಕೊಳ್ಳುವುದಾದರೆ ವೈರ್ ಇರುವುದನ್ನೇ ಕೊಳ್ಳಿ, ಅಗ್ಗದ ವೈರ್‌ಲೆಸ್ ಬೇಡವೇ ಬೇಡ. ಮೈಕ್ ಸೆರಗಿಗೆ ಉಜ್ಜದಂತೆ ನೋಡಿಕೊಳ್ಳಿ.

ಅಜ್ಜಿ ಮಾತಾಡುವಾಗ ‘ಹೂಂ, ಹೂಂ’ ಅನ್ನಬೇಡಿ. ತಲೆಯಾಡಿಸಿ, ಸಾಕು. ಅವರು ನಡುವೆ ಸುಮ್ಮನಾದರೆ ಇನ್ನೊಂದು ಪ್ರಶ್ನೆ ತೂರಿಸಬೇಡಿ, ನೆನಪಿಸಿಕೊಳ್ಳಲು ಬಿಡಿ.

ದೂರದ ನೆಂಟರಿಂದ ವಾಟ್ಸ್‌ಆ್ಯಪ್ ವಾಯ್ಸ್ ನೋಟ್ ತರಿಸುವ ಅಡ್ಡದಾರಿಯೂ ಬೇಡ. ಅದರಲ್ಲಿ ದನಿಯ ಗುಣಮಟ್ಟ ಇಳಿಯುತ್ತದೆ. ರೆಕಾರ್ಡರ್ ಆ್ಯಪ್‌ನಲ್ಲಿ ಮಾಡಿ, ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲಿ.

ಎಡಿಟಿಂಗ್‌ಗೆ ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಕಂಪ್ಯೂಟರ್ ಸಾಫ್ಟ್‌ವೇರ್ ಸಾಕು. ಮೋನೊ (ಒಂದೇ ಚಾನೆಲ್), 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಎಂಪಿ3 ಮಾಡಿದರೆ ಅರ್ಧ ಗಂಟೆಗೆ ಸುಮಾರು 14 ಎಂಬಿ. ನೆಟ್‌ವರ್ಕ್ ಕುಂಟುವ ಊರಲ್ಲೂ ಡೌನ್‌ಲೋಡ್ ಆಗುತ್ತದೆ. ಸಿನಿಮಾ ಹಾಡು ಸೇರಿಸಬೇಡಿ, ಹಕ್ಕಿನ ತಕರಾರು ಬಂದರೆ ಸಂಚಿಕೆಯನ್ನೇ ತೆಗೆದುಹಾಕುತ್ತಾರೆ.

ಕೊನೆಗೆ ಹೋಸ್ಟಿಂಗ್ ಸೇವೆಯೊಂದಕ್ಕೆ, ಅಂದರೆ ಸಂಚಿಕೆಗಳ ಫೈಲನ್ನು ಇಂಟರ್ನೆಟ್‌ನಲ್ಲಿ ಇಟ್ಟುಕೊಳ್ಳುವ ತಾಣಕ್ಕೆ, ಅಪ್‌ಲೋಡ್ ಮಾಡಿ. ಅದು ಕೊಡುವ ಆರ್‌ಎಸ್‌ಎಸ್ ಲಿಂಕನ್ನು (ಹೊಸ ಸಂಚಿಕೆಗಳ ಪಟ್ಟಿ ಇರುವ ವೆಬ್ ವಿಳಾಸವನ್ನು) ಸ್ಪಾಟಿಫೈಯಂಥ ಪ್ರತಿ ಪ್ಲಾಟ್‌ಫಾರ್ಮ್‌ಗೂ ಒಮ್ಮೆ ಕೊಟ್ಟರೆ ಮುಂದಿನ ಸಂಚಿಕೆಗಳು ತಾವಾಗಿಯೇ ಬರುತ್ತವೆ. ಕವರ್ ಚಿತ್ರ ಚೌಕಾಕಾರವಾಗಿ, 3000 ಪಿಕ್ಸೆಲ್ ಇರಲಿ. ಭಾಷೆಗಳ ಪಟ್ಟಿಯಲ್ಲಿ ಕೊಡವ ತಕ್ಕ್ ಸಿಗದಿದ್ದರೆ ಕನ್ನಡ ಆರಿಸಿ, ಆದರೆ ಶೀರ್ಷಿಕೆಯಲ್ಲೂ ವಿವರಣೆಯಲ್ಲೂ ‘ಕೊಡವ ತಕ್ಕ್’ ಅಂತ ಬರೆಯಲೇಬೇಕು. ಬರೆಯದಿದ್ದರೆ ಹುಡುಕುವವರಿಗೆ ಸಿಗುವುದೇ ಇಲ್ಲ.

ಮೂಲ ರೆಕಾರ್ಡಿಂಗನ್ನು ಪೆನ್‌ಡ್ರೈವ್‌ನಲ್ಲಿ ಬೇರೆಯೇ ಇಡಿ. ಗೂಗಲ್ ಪಾಡ್‌ಕಾಸ್ಟ್ಸ್‌ನಂಥ ಆ್ಯಪ್ ಕೂಡ 2024ರಲ್ಲಿ ಮುಚ್ಚಿತು, ಅಲ್ವಾ?