ಬಿಸಿಲಿಲ್ಲದ ಮಳೆಗಾಲದಲ್ಲಿ ಆಟಿಕೆ ಶುಚಿ ಮಾಡುವುದು ಹೇಗೆ?

ಜುಲೈ ತಿಂಗಳಲ್ಲಿ ನಮ್ಮ ಮನೆಯ ನಾಲ್ಕು ವರ್ಷದ ಹುಡುಗನಿಗೆ ಜ್ವರ ಬಂತು. ಮಾರನೇ ದಿನ ಅಂಗೈ, ಅಂಗಾಲಲ್ಲಿ ಕೆಂಪು ಗುಳ್ಳೆ, ಬಾಯೊಳಗೆ ಹುಣ್ಣು. ಡಾಕ್ಟರು ನೋಡಿದ ಕೂಡಲೇ ಕೈ-ಕಾಲು-ಬಾಯಿ ಕಾಯಿಲೆ ಅಂದರು. ಕೊಟ್ಟಿಗೆಯ ದನದಿಂದ ಬಂತೇನೋ ಅಂತ ಅತ್ತೆಗೆ ಗಾಬರಿ. ದನಕ್ಕೆ ಬರುವ ಕಾಲುಬಾಯಿ ರೋಗವೇ ಬೇರೆ, ಇದೇ ಬೇರೆ. ಇದು ಮಗುವಿನಿಂದ ಮಗುವಿಗೆ ಎಂಜಲು, ಸಿಂಬಳ, ಗುಳ್ಳೆಯ ನೀರು, ಮಲದ ಮೂಲಕ ಹರಡುತ್ತದೆ. ಅವನು ಹುಷಾರಾದ ಮೇಲೆ ಆಟಿಕೆ ಬುಟ್ಟಿಗೆ ಸ್ಯಾನಿಟೈಸರ್ ಸಿಂಪಡಿಸಿ, ಸಾಕು ಅಂದುಕೊಂಡೆವು. ವಾರದೊಳಗೆ ತಂಗಿಗೂ ಬಂತು.

ಆಟಿಕೆಯಿಂದಲೇ ಬಂತು ಅಂತ ಹೇಳಲು ಆಗುವುದಿಲ್ಲ. ಒಂದೇ ಮನೆಯ ಮಕ್ಕಳು, ಒಂದೇ ಹಾಸಿಗೆ. ಆದರೆ ಆಮೇಲೆ ಆ ಬುಟ್ಟಿ ಸುರಿದು ನೋಡಿದಾಗ ಬ್ಲಾಕ್‌ಗಳ ಸಂದಿಯಲ್ಲಿ ಗಂಜಿ ಒಣಗಿ ಅಂಟಿಕೊಂಡಿತ್ತು. ಅದರ ಮೇಲೆ ಏನು ಸಿಂಪಡಿಸಿದರೂ ಒಳಗೆ ಇಳಿಯುವುದಿಲ್ಲ.

ನಮ್ಮ ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ಯಾರನ್ನು ಕೇಳಿದರೂ 'ತೊಳೆದು ಬಿಸಿಲಿಗೆ ಹಾಕಿ' ಅಂತಾರೆ. ಮಳೆ ಕಡಿಮೆ ಇರುವ ಕುಶಾಲನಗರದವರಿಗೆ ಅದು ಸರಿಹೋದೀತು. ಮಡಿಕೇರಿ, ಭಾಗಮಂಡಲ ಕಡೆ ಮಳೆಗಾಲದಲ್ಲಿ ಶಾಲೆ ಯೂನಿಫಾರ್ಮೇ ಒಣಗುವುದಿಲ್ಲ, ಬಟ್ಟೆ ಗೊಂಬೆ ಒಣಗುತ್ತಾ? ಹಾಗಾಗಿ ಬಿಸಿಲನ್ನು ನಂಬದೆ ಮಾಡುವ ಕ್ರಮ ಇಲ್ಲಿದೆ.

ಮೊದಲು ವಿಂಗಡಿಸಿ

ಮಗು ಕಾಯಿಲೆ ಬಿದ್ದು ಮಲಗಿರುವಾಗಲೇ ನಾಲ್ಕೈದು ಪ್ಲಾಸ್ಟಿಕ್ ಆಟಿಕೆ ಮಾತ್ರ ಹೊರಗಿಡಿ, ಉಳಿದವನ್ನು ಎತ್ತಿಡಿ. ಕೊನೆಗೆ ತೊಳೆಯುವ ರಾಶಿ ಚಿಕ್ಕದಾಗುತ್ತದೆ. ಜ್ವರ, ವಾಂತಿ ನಿಂತ ಮೇಲೆ ಮಗು ಮುಟ್ಟಿದ್ದನ್ನೆಲ್ಲ ಒಂದು ಕಡೆ ಸುರಿದು ಗಟ್ಟಿ ಪ್ಲಾಸ್ಟಿಕ್, ಬಟ್ಟೆ, ಮರ, ಬ್ಯಾಟರಿಯವು, ಪುಸ್ತಕ ಅಂತ ಬೇರೆ ಮಾಡಿ. ಒತ್ತಿದರೆ ನೀರು ಚಿಮ್ಮುವ ರಬ್ಬರ್ ಬಾತುಕೋಳಿಯಂಥವನ್ನು ಎಸೆದುಬಿಡಿ. ಅದರ ಹೊಟ್ಟೆಯೊಳಗೆ ಕಪ್ಪು ಬೂಷ್ಟು ಕಟ್ಟಿರುತ್ತದೆ, ಕೈ ಹೋಗುವುದಿಲ್ಲ.

ಸೋಪು ಮೊದಲು, ಬ್ಲೀಚ್ ಆಮೇಲೆ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೊಳೆ, ಎಂಜಲು ಉಳಿದಿದ್ದರೆ ಬ್ಲೀಚ್ ಆ ಕೊಳೆಯ ಮೇಲೆಯೇ ಖರ್ಚಾಗಿ ಹೋಗುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ತೆಗೆದುಕೊಳ್ಳಿ. ಕಾರಿನ ಚಕ್ರದ ಸಂದಿ, ಬ್ಲಾಕಿನ ಗುಳಿ, ಗೊಂಬೆಯ ಕಿವಿ ಎಲ್ಲ ಉಜ್ಜಿ ನೀರಲ್ಲಿ ಜಾಲಾಡಿಸಿ.

ಆಮೇಲೆ ಬ್ಲೀಚ್. ಅಂಗಡಿಯಲ್ಲಿ ಸಿಗುವ ಸೋಡಿಯಂ ಹೈಪೋಕ್ಲೋರೈಟ್ ಬಾಟಲಿಯ ಮೇಲೆ ಎಷ್ಟು ಶೇಕಡಾ ಅಂತ ಬರೆದಿರುತ್ತದೆ. ಶೇ 5 ಇದ್ದರೆ ಒಂದು ಲೀಟರ್ ತಣ್ಣೀರಿಗೆ 20 ಮಿ.ಲೀ., ಅಂದರೆ 5 ಮಿ.ಲೀ. ಹಿಡಿಯುವ ಚಮಚದಲ್ಲಿ ನಾಲ್ಕು. ಶೇ 4 ಇದ್ದರೆ ಐದು ಚಮಚ. ಆ ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು. ಬಿಸಿನೀರು ಬೇಡ, ಬ್ಲೀಚಿನ ಶಕ್ತಿ ಹಾಳಾಗುತ್ತದೆ. ಪ್ಲಾಸ್ಟಿಕ್ ಬಕೆಟಿನಲ್ಲಿ ಕಲಸಿ, ಕೈಗೆ ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ. ಮಳೆ ಅಂತ ಬಚ್ಚಲು ಮನೆಯ ಬಾಗಿಲು ಹಾಕಿಕೊಂಡು ಮಾಡಬೇಡಿ. ಆಟಿಕೆ 10 ನಿಮಿಷ ಮುಳುಗಿರಲಿ. ನಂತರ ಎರಡು ಮೂರು ಸಲ ಒಳ್ಳೆಯ ನೀರಲ್ಲಿ ತೊಳೆಯಿರಿ, ಮಗು ಅದನ್ನು ಬಾಯಿಗೆ ಇಡುತ್ತದೆ ಅಲ್ವಾ? ಉಳಿದ ದ್ರಾವಣ ನಾಳೆಗೆ ಇಡಬೇಡಿ, ದಿನದಿನಕ್ಕೆ ಹೊಸದಾಗಿ ಕಲಸಿ.

ದಯವಿಟ್ಟು ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ, ವಿನಿಗರ್ ಜೊತೆ ಯಾವತ್ತೂ ಬೆರೆಸಬೇಡಿ. ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟಿಸುತ್ತದೆ. ಬಾವಿಗೆ ಹಾಕಲು ತಂದಿಟ್ಟ ಬ್ಲೀಚಿಂಗ್ ಪೌಡರ್ ಇದೆಯಲ್ಲ ಅಂತ ಕೇಳುವವರಿದ್ದಾರೆ. ಒಡೆದ ಪೊಟ್ಟಣ ನಮ್ಮ ಥಂಡಿಗೆ ನೀರೆಳೆದುಕೊಂಡು ಶಕ್ತಿ ಕಳೆದುಕೊಂಡಿರುತ್ತದೆ. ಅದರ ಅಳತೆ ನಂಬುವ ಹಾಗಿಲ್ಲ.

ಸ್ಯಾನಿಟೈಸರ್ ಯಾಕೆ ಸಾಲದು? ಫ್ಲೂ, ಕೊರೊನಾ ವೈರಸ್ಸಿನ ಸುತ್ತ ಕೊಬ್ಬಿನ ಪದರ ಇರುತ್ತದೆ. ಸೋಪು, ಸ್ಯಾನಿಟೈಸರ್ ಅದನ್ನು ಒಡೆಯುತ್ತವೆ. ಕೈ-ಕಾಲು-ಬಾಯಿ ಕಾಯಿಲೆಯ ವೈರಸ್ಸಿಗೆ, ವಾಂತಿ-ಭೇದಿ ತರುವ ನೊರೊ ವೈರಸ್ಸಿಗೆ ಆ ಪದರವೇ ಇಲ್ಲ, ಅವು ಸ್ಯಾನಿಟೈಸರಿಗೆ ಸುಲಭಕ್ಕೆ ಜಗ್ಗುವುದಿಲ್ಲ. ಸೋಪು ಹಚ್ಚಿ ಉಜ್ಜಿದರೆ ಸಾಯದಿದ್ದರೂ ನೀರಿನ ಜೊತೆ ತೊಳೆದು ಹೋಗುತ್ತವೆ. ಗಾಯ ತೊಳೆಯುವ, ನೀರಿಗೆ ಬಿದ್ದರೆ ಹಾಲಿನಂತೆ ಬೆಳ್ಳಗಾಗುವ ಔಷಧಿಯೂ ಇವುಗಳ ಮುಂದೆ ಅಷ್ಟಕ್ಕಷ್ಟೆ. ಅದರ ವಾಸನೆ ಬಂದರೆ ಶುಚಿಯಾಯಿತು ಅನ್ನುವ ನಂಬಿಕೆ ನಮಗೆ ಜಾಸ್ತಿ, ಅದನ್ನು ಬಿಡಬೇಕು.

ಬಟ್ಟೆ ಗೊಂಬೆಗೆ ಹಂಡೆ ನೀರು

ವಾಷಿಂಗ್ ಮಷೀನಿನಲ್ಲಿ 60 ಡಿಗ್ರಿ ಬಿಸಿನೀರಿನ ಸೈಕಲ್ ಇದ್ದರೆ ದಿಂಬಿನ ಕವರಿನೊಳಗೆ ಗೊಂಬೆ ಹಾಕಿ, ಬಾಯಿ ಕಟ್ಟಿ ತೊಳೆಯಿರಿ. ಇಲ್ಲದಿದ್ದರೆ ಬಚ್ಚಲ ಹಂಡೆ ಇದೆ. ಕೈ ಇಡಲಾಗದಷ್ಟು ಬಿಸಿ ನೀರಿಗೆ ಸೋಪಿನ ಪುಡಿ ಹಾಕಿ, ಗೊಂಬೆ ಮುಳುಗಿಸಿ, ಮೇಲೆ ತಟ್ಟೆ ಕವಚಿ ಅರ್ಧ ಗಂಟೆ ಬಿಡಿ. ಮಕ್ಕಳು ಆ ಕಡೆ ಸುಳಿಯದಂತೆ ನೋಡಿಕೊಳ್ಳಿ.

ಕಷ್ಟ ಇರುವುದು ಒಣಗಿಸುವುದರಲ್ಲಿ. ಹೊರಗೆ ಒಣಗಿದಂತೆ ಕಂಡರೂ ಒಳಗಿನ ಹತ್ತಿ ಒದ್ದೆ ಇರುತ್ತದೆ, ಬೂಷ್ಟು ಬರುತ್ತದೆ. ನಮ್ಮ ಹುಡುಗನ ಬಟ್ಟೆ ಆನೆಯನ್ನು ಒಣ ಟವೆಲಿನಲ್ಲಿ ಸುತ್ತಿ ಮೊಣಕಾಲಿನಿಂದ ಒತ್ತಿದೆ. ಮೂರು ಟವೆಲ್ ಒದ್ದೆಯಾದವು. ಆಮೇಲೆ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಸೊಂಡಿಲಿಗೆ ಕ್ಲಿಪ್ ಹಾಕಿ ನೇತುಹಾಕಿದೆ. ಬೆಂಕಿಯಿಂದ ಕಡಿಮೆಯೆಂದರೂ ನಾಲ್ಕೈದು ಅಡಿ ದೂರ ಇರಲಿ, ಒಳಗಿನ ಕೃತಕ ಹತ್ತಿ ಬೇಗ ಹೊತ್ತಿಕೊಳ್ಳುತ್ತದೆ. ಒಲೆ ಉರಿಯುವಾಗ ಬಿಟ್ಟು ಹೋಗಬೇಡಿ. ಒಣಗಿತೇ ಅಂತ ನೋಡಲು ಗಟ್ಟಿಯಾಗಿ ಹಿಸುಕಿ ಕೆನ್ನೆಗೆ ತಾಗಿಸಿ. ತಣ್ಣಗೆ ಅನ್ನಿಸಿದರೆ ಇನ್ನೂ ನೀರಿದೆ. ಆನೆಗೆ ಮೂರು ದಿನ ಬೇಕಾಯಿತು. ಅಷ್ಟು ದಿನವೂ ಅವನು ಸ್ನಾನದ ಹೊತ್ತಿಗೆ ಮೇಲೆ ನೋಡಿ 'ಇಳಿಸು' ಅಂತಿದ್ದ.

ಉಳಿದವು

ಚನ್ನಪಟ್ಟಣದ ಗೊಂಬೆಯನ್ನು ನೆನೆಹಾಕಬೇಡಿ, ಹಾಲೆ ಮರ ನೀರು ಕುಡಿದು ಬಿರಿಯುತ್ತದೆ. ಸ್ಯಾನಿಟೈಸರ್ ಉಜ್ಜಿದರೆ ಅರಗಿನ ಬಣ್ಣ ಕರಗಿ ಕೈಗೆ ಬರುತ್ತದೆ. ಸೋಪು ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒರೆಸಿ, ಕೆಲವು ವಾರ ಎತ್ತಿಡಿ. ಚಿಕ್ಕ ಹಾಕಿ ಸ್ಟಿಕ್ ನಮ್ಮ ಕಡೆ ಎಷ್ಟು ಮನೆಯಲ್ಲಿಲ್ಲ? ಕೋಲನ್ನು ಬ್ಲೀಚ್ ನೀರಿನ ಬಟ್ಟೆಯಿಂದ ಒರೆಸಿ, 10 ನಿಮಿಷದ ನಂತರ ಒಳ್ಳೆ ನೀರಿನ ಬಟ್ಟೆಯಿಂದ ಒರೆಸಿ. ಬೆವರು ಕುಡಿದ ಹಿಡಿಕೆಯ ಗ್ರಿಪ್ ಬಿಚ್ಚಿ ಹೊಸದು ಸುತ್ತಿ. ಬ್ಯಾಟರಿ ಆಟಿಕೆಯ ಸೆಲ್ ತೆಗೆದು ಇದೇ ರೀತಿ ಒರೆಸಿ, ಬಟ್ಟೆ ಚೆನ್ನಾಗಿ ಹಿಂಡಿರಲಿ. ಎಂಜಲಾದ ರಟ್ಟಿನ ಪುಸ್ತಕ ಇಟ್ಟುಕೊಳ್ಳುವುದು ಬೇಡ.

ಕೈ-ಕಾಲು-ಬಾಯಿ ಕಾಯಿಲೆಯಲ್ಲಿ ಗುಳ್ಳೆ ಮಾಯವಾದ ಮೇಲೂ ಕೆಲವು ವಾರ ಮಲದಲ್ಲಿ ವೈರಸ್ ಹೋಗುತ್ತಲೇ ಇರುತ್ತದೆ. ಹಾಗಾಗಿ ಅಷ್ಟು ದಿನ ಮಗು ಕಕ್ಕಸಿಗೆ ಹೋಗಿ ಬಂದಾಗೆಲ್ಲ ಅದರ ಕೈ, ತೊಳೆಸಿದವರ ಕೈ ಎರಡನ್ನೂ ಸೋಪು ಹಚ್ಚಿ ತೊಳೆಯಿರಿ. ಬಾಯಿಗೆ ಇಡುವ ಆಟಿಕೆಗಳನ್ನು ದಿನಾ ರಾತ್ರಿ ಪಾತ್ರೆಗಳ ಜೊತೆಯಲ್ಲೇ ತೊಳೆದಿಡಿ.